ಗುಬ್ಬಿ–ಕುಣಿಗಲ್ ಉಭಯಪಾರ್ಶ್ವ ಸಮೀಪನ ಮೀಮಾಂಸೆ

ವ್ಯಾಖ್ಯೆ: ಚರರಾಶಿಯು ಸ್ಥಿರಬಿಂದುವೊಂದನ್ನು ಅಪ್ರಾಪ್ತಿಪೂರ್ವಕವಾಗಿ ಅಭಿಸಮೀಪಿಸುವಾಗ ತದವಲಂಬಿತ ಉತ್ಪನ್ನವು ಯಾವ ಬೆಲೆಗೆ ಅಭಿಮುಖವಾಗುವುದೋ ಅದೇ ಮಿತಿ. ಇದನ್ನು ಮೂರು ಸಲ ಬರೆಯತಕ್ಕದ್ದು. ಅರ್ಥ ಕೇಳತಕ್ಕದ್ದಲ್ಲ. ಐದು ಅಂಕದ ಪ್ರಶ್ನೆ.

1. ಪಾರ್ಶ್ವನಿರ್ಣಯ

ತುಮಕೂರು ಬಸ್ ನಿಲ್ದಾಣವನ್ನು 'ತು' ಎಂಬ ಬಿಂದುವಾಗಿ ಪರಿಭಾವಿಸೋಣ. ಗುಬ್ಬಿಯಿಂದ ಮಲ್ಲಸಂದ್ರ, ಹೆಗ್ಗೆರೆ ದಾಟಿ ಬರುವವನು ವಾಮಪಾರ್ಶ್ವಸಮೀಪಕ. ಕುಣಿಗಲ್ಲಿಂದ ಹೆಬ್ಬೂರು, ಗೂಳೂರು ದಾಟಿ ಬರುವವನು ದಕ್ಷಿಣಪಾರ್ಶ್ವಸಮೀಪಕ. (ಕುಣಿಗಲ್ ಬಲಕ್ಕಿಲ್ಲ, ಕೆಳಗಿದೆ ಎಂಬ ಭೂಗೋಳದವರ ಆಕ್ಷೇಪವನ್ನು ಶಾಸ್ತ್ರ ಲೆಕ್ಕಿಸುವುದಿಲ್ಲ.) ಇಬ್ಬರೂ ಫೋನಿನಲ್ಲಿ 'ಇನ್ನೇನು ಬಂದ್ಬಿಟ್ಟೆ' ಎನ್ನುತ್ತಿರುವುದು ಒಂದೇ ಜಾಗದ ಬಗ್ಗೆಯಾದರೆ ಮಿತಿ ಉಂಟು. ಒಬ್ಬ ನಿಲ್ದಾಣಕ್ಕೂ ಇನ್ನೊಬ್ಬ ಟೌನ್‌ಹಾಲ್ ಸರ್ಕಲ್ಲಿಗೂ ಹೊರಟಿದ್ದರೆ ಇಲ್ಲ. ನಿಲ್ದಾಣವನ್ನೇ ಕೆಡವಿ ಗುಂಡಿ ತೋಡಿದ್ದರೂ ಮಿತಿಗೆ ಬಾಧೆಯಿಲ್ಲ. ಎತ್ತ ಹೊರಟಿದ್ದಾರೆ ಎಂಬುದು ಪ್ರಶ್ನೆ, ತಲುಪಿದರೇ ಎಂಬುದಲ್ಲ.

2. ಬೋಧಕವರ್ಗೀಕರಣ

(ಅ) ಆದೇಶವಾದಿ: ಎಕ್ಸ್ ಇದ್ದಲ್ಲಿ ಸಂಖ್ಯೆ ಹಾಕಿ ಕೈತೊಳೆದುಕೊಳ್ಳುವವರು.

(ಆ) ಲೋಪಿತಾಲವಾದಿ: ಸೊನ್ನೆ ಬೈ ಸೊನ್ನೆ ಕಂಡೊಡನೆ 'ಮೇಲೊಂದ್ಸಲ, ಕೆಳಗೊಂದ್ಸಲ ಡಿಫರೆನ್ಶಿಯೇಟ್ ಮಾಡ್ರಪ್ಪ, ಸಿಇಟಿಗೆ ಟೈಮ್ ಉಳಿಯುತ್ತೆ' ಎನ್ನುವವರು. ಸೈನ್ ಎಕ್ಸ್ ಬೈ ಎಕ್ಸ್ ಸೊನ್ನೆಯ ಬಳಿ 1ಕ್ಕೆ ಹೋಗುವುದನ್ನೂ ಹೀಗೇ 'ಸಾಧಿಸುತ್ತಾರೆ'. ಸೈನ್‌ನ ಡೆರಿವೇಟಿವ್ ಕಾಸ್ ಎಂದು ತೋರಿಸಲಿಕ್ಕೇ ಆ ಮಿತಿ ಬೇಕು. ತನ್ನ ಹೆಗಲ ಮೇಲೆ ತಾನೇ ಹತ್ತಿ ಕುಳಿತಂತೆ.

(ಇ) ಉಕ್ತಲೇಖನವಾದಿ. ಇದರಲ್ಲಿ ಮೂರು ಉಪಪಂಗಡಗಳಿದ್ದವು. ಬೇಡ, ಬಿಡಿ.

3. ಪೂರ್ವಸೂರಿಗಳು

ನ್ಯೂಟನ್, ಲೈಬ್ನಿಟ್ಸ್ 17ನೇ ಶತಮಾನದಲ್ಲೇ ಕಲನಶಾಸ್ತ್ರ ನಡೆಸಿಬಿಟ್ಟರು. ಕೋಶಿ ಮಿತಿಯನ್ನು ಅದರ ಅಡಿಪಾಯಕ್ಕಿಟ್ಟಿದ್ದು 1821ರಲ್ಲಿ. 'ಹತ್ತಿರ ಅಂದರೆ ಎಷ್ಟು ಹತ್ತಿರ?' ಎಂಬುದಕ್ಕೆ ಎಪ್ಸಿಲಾನ್–ಡೆಲ್ಟಾದ ಬಿಗಿ ಉತ್ತರ ಕೊಟ್ಟ ವೈಯರ್‌ಸ್ಟ್ರಾಸ್ ಇನ್ನೂ ಆಮೇಲಿನವನು. ಅವರಿಗೆ ನೂರೈವತ್ತು ವರ್ಷಕ್ಕೂ ಮಿಕ್ಕು ಹಿಡಿಯಿತು. ನಮ್ಮ ಹುಡುಗರಿಗೆ ಒಂದು ಪೀರಿಯಡ್ಡು, ಅದರಲ್ಲೂ ಹಾಜರಿ ಕಳೆದು.

4. ಉದಾಹರಣೆ

ಹೆಬ್ಬೂರು ಕಡೆಯ ಒಬ್ಬ ಹುಡುಗ. ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮ. ಬಹುಪದೋಕ್ತಿ, ವರ್ಗಸಮೀಕರಣ ನೀರು ಕುಡಿದಷ್ಟು ಸಲೀಸು. ಪಿಯುಸಿಯಲ್ಲಿ ಅವೇ ಪಾಲಿನಾಮಿಯಲ್, ಕ್ವಾಡ್ರಾಟಿಕ್ ಆಗಿ ಬಂದಾಗ 'ಇವು ನಿನ್ನ ಹಳೇ ನೆಂಟರು ಕಣೋ' ಎಂದು ಯಾರೂ ಹೇಳಲಿಲ್ಲ. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆಯನ್ನೇ ರಂಗದ ಮೇಲೆ ತಂದ ಗುಬ್ಬಿ ನಾಟಕ ಕಂಪನಿಯವರ ಜಿಲ್ಲೆ ಇದು. ಇಲ್ಲಿ ಮಿತಿಯ ಪಾಠಕ್ಕೆ ಬೋರ್ಡಿನ ಮೇಲೆ ಒಂದು ಗೆರೆ ಎಳೆದು ನಡುವೆ ಒಂದು ತೂತು ಬಿಡಲು ಒಂದು ಚೂರು ಸೀಮೆಸುಣ್ಣ ಗತಿಯಿರಲಿಲ್ಲವೇ?

ಮನೆಗೆ ಬಂದಿದ್ದವನನ್ನು ಕೂರಿಸಿದೆ. ಎಕ್ಸ್ ವರ್ಗದಲ್ಲಿ 1 ಕಳೆ, ಅದನ್ನು ಎಕ್ಸ್ ಮೈನಸ್ 1ರಿಂದ ಭಾಗಿಸು ಎಂದೆ. ಅವನೇ ಕ್ಯಾಲ್ಕುಲೇಟರ್ ಒತ್ತಿದ. 0.9 ಹಾಕಿದ: 1.9. 0.99: 1.99. ಈ ಕಡೆಯಿಂದ 1.1: 2.1. 1.01: 2.01. ಸರಿಯಾಗಿ 1 ಹಾಕಿದಾಗ 'ಎರರ್'.

ಸ್ವಲ್ಪ ಹೊತ್ತು ನೋಡಿದ.

"ಎರಡ್ರ ತಾವ್ಕೆ ಹೋಯ್ತಾ ಐತೆ. ಒಂದ್ರಲ್ಲಿ ಮಾತ್ರ ತೂತು. ಇಷ್ಟೇನಾ ಅಣ್ಣ?"

ಇಷ್ಟೇ. ವ್ಯಾಖ್ಯೆಯನ್ನು ಅವನು ಮೂರು ಸಲ ಬರೆದಿರಲಿಲ್ಲ, ಹೇಳಿಬಿಟ್ಟಿದ್ದ.

ಆದರೆ ಆ ವರ್ಷ ಗಣಿತದಲ್ಲಿ ಫೇಲಾಗಿತ್ತು. ಆರ್ಟ್ಸಿಗೆ ಅರ್ಜಿ ಬರೆದು ಜೇಬಲ್ಲಿಟ್ಟುಕೊಂಡಿದ್ದ. ನಾನು ಕೊಟ್ಟಿದ್ದ ಕ್ಯಾಲ್ಕುಲೇಟರನ್ನು ವಾಪಸ್ ಕೊಡಲೆಂದೇ ಅವತ್ತು ಬಂದಿದ್ದು.