ಕುಲೀರದಿಗ್ವಿಜಯ ಮೀಮಾಂಸೆ

ದಿಗ್ವಿಜಯವೆಂಬ ಪದವು ಚತುರಂಗಬಲವುಳ್ಳ ಭೂಪಾಲರಿಗೆ ಮಾತ್ರ ಸಲ್ಲತಕ್ಕುದೆಂದು ಶಾಸನಪಂಡಿತರು ಇಂದಿಗೂ ಭಾವಿಸಿಕೊಂಡಿರುವುದು, ದಶಪಾದನಾದ ಒಂದು ಜಂತುವಿನ ಚರಿತ್ರೆಯನ್ನು ಅವರು ಅವಲೋಕಿಸದಿದ್ದುದರ ಫಲವೇ ಹೊರತು ಬೇರೆಯಲ್ಲ. ಪ್ರಕೃತ ಪ್ರಬಂಧದ ನಾಯಕನು ಚೀನದೇಶದ ಏಡಿ. ಅಂಗೈಯಗಲದ ಬೆನ್ನಚಿಪ್ಪು, ಇಕ್ಕುಳದಂತಹ ಮುಂಗೈಗಳ ಮೇಲೆ ಒತ್ತಾಗಿ ಬೆಳೆದ ಕಂದುರೋಮ, ಇವು ಆತನ ರಾಜಲಾಂಛನಗಳು. ಪ್ರಾಣಿಶಾಸ್ತ್ರಜ್ಞರು ಆತನ ಕುಲಕ್ಕಿಟ್ಟ ಎರಿಯೊಕೈರ್ ಎಂಬ ಹೆಸರಿಗೆ ಗ್ರೀಕಿನಲ್ಲಿ ಉಣ್ಣೆಗೈಯವನೆಂದೇ ಅರ್ಥ.

ಇಲ್ಲಿ ಒಂದು ಶಂಕೆ ಏಳುತ್ತದೆ. ಚೀನಾಂಶುಕದ ತವರಿನಲ್ಲಿ ಹುಟ್ಟಿದವನು ರೇಷ್ಮೆಯನ್ನುಳಿದು ಉಣ್ಣೆಯನ್ನೇಕೆ ತೊಟ್ಟನು? ನಮ್ಮ ಸಿದ್ಧಾಂತವಿಷ್ಟೆ: 1912ರಲ್ಲಿ ಜರ್ಮನಿಯ ಆಲ್ಲರ್ ನದಿಯಲ್ಲಿ ತಾನು ಪ್ರತ್ಯಕ್ಷನಾಗಬೇಕಾದೀತೆಂಬುದನ್ನೂ, ಆ ಸೀಮೆಯ ಚಳಿ ಎಂತಹುದೆಂಬುದನ್ನೂ ಆತನು ಯುಗಾಂತರಗಳ ಹಿಂದೆಯೇ ಬಲ್ಲವನಾಗಿದ್ದನು. ‘ಹಾಗಾದರೆ ಆತನು ಕಡಲನ್ನು ದಾಟಿದ ಬಗೆ ಹೇಗೆ?’ ಎಂದು ಪೂರ್ವಪಕ್ಷಿಯು ಕೇಳಬಹುದು. ಸರಕಿಳಿಸಿದ ಹಡಗುಗಳು ತೂಗಾಟ ತಪ್ಪಿಸಲೆಂದು ಒಂದು ರೇವಿನಲ್ಲಿ ಒಡಲಿಗೆ ತುಂಬಿಕೊಂಡ ನೀರನ್ನು ಮತ್ತೊಂದು ರೇವಿನಲ್ಲಿ ಚೆಲ್ಲುತ್ತವಷ್ಟೆ. ಆ ನೀರಿನಲ್ಲಿ ಮರಿಯಾಗಿದ್ದಾಗಲೇ ಬಂದನೆಂಬುದು ಬಹುಜನಸಮ್ಮತ. ಪಲ್ಲಕ್ಕಿ ಹೊತ್ತು ತಂದವರೇ ಮುಂದೆ ‘ಆಕ್ರಮಣಕಾರಿ’ ಎಂದು ಬೊಬ್ಬೆಯಿಟ್ಟರೆಂಬುದನ್ನು ವಾಚಕರು ಗಮನಿಸಬೇಕು. ಹಡಗಿನ ಆ ನೀರನ್ನು ಹತೋಟಿಯಲ್ಲಿಡುವ ಅಂತಾರಾಷ್ಟ್ರೀಯ ಒಪ್ಪಂದವು 2004ರಲ್ಲಿ ರಚಿತವಾಗಿ ಜಾರಿಗೆ ಬಂದುದು 2017ರಲ್ಲಿ. ಊರು ಕೊಳ್ಳೆಹೋದ 105 ವರ್ಷಗಳ ಮೇಲೆ ಕೋಟೆಯ ಬಾಗಿಲನ್ನು ಮುಚ್ಚಲಾಯಿತು.

ಆ ನಡುವೆ ಆತನು ಎಲ್ಬೆ ನದಿಯನ್ನು ಹಿಡಿದು ಪ್ರಾಗ್ ನಗರದವರೆಗೆ ಏರಿದನು. 1935ರಲ್ಲಿ ಥೇಮ್ಸ್ ನದಿಯಲ್ಲಿಯೂ 1992ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿಯೂ ಕಾಣಿಸಿಕೊಂಡನು. ಅಡ್ಡಗಟ್ಟೆ ಎದುರಾದರೆ ನೀರಿನಿಂದ ಮೇಲೆದ್ದು, ದಂಡೆಯ ಹುಲ್ಲಿನ ಮೇಲೆ ಅಡ್ಡಡ್ಡಲಾಗಿ ನಡೆದು, ಆಚೆಗೆ ಇಳಿದುಬಿಡುತ್ತಾನೆ. (ಅಡ್ಡನಡೆಯಿಂದಲೂ ಮೇಲಕ್ಕೇರಬಹುದೆಂಬುದಕ್ಕೆ ವಿದ್ವತ್ಪರಿಷತ್ತುಗಳಲ್ಲಿ ಬೇರೆ ನಿದರ್ಶನಗಳೂ ಉಂಟು, ಅದು ಇಲ್ಲಿ ಅಪ್ರಸ್ತುತ.) ಶಿಲಾಶಾಸನಗಳನ್ನು ಕೆತ್ತಿಸುವ ವ್ಯಾಮೋಹವಿಲ್ಲದೆ ಮಣ್ಣಿನ ದಂಡೆಗಳಲ್ಲಿ ಬಿಲಗಳನ್ನು ಕೊರೆಯುತ್ತಾನೆ, ದಂಡೆ ಕುಸಿದು ಶಾಸನವೂ ನದಿಯ ಪಾಲಾಗುತ್ತದೆ. ಬೆಸ್ತರ ಬಲೆಯನ್ನು ಹರಿಯುವುದು, ಅದರೊಳಗಿನ ಮೀನನ್ನು ಕಪ್ಪಕಾಣಿಕೆಯೆಂದು ಸ್ವೀಕರಿಸುವುದು, ಇವು ಚಿಲ್ಲರೆ ಪ್ರಸಂಗಗಳು.

ಇಷ್ಟಾದರೂ ಈ ಸಾಮ್ರಾಜ್ಯದಲ್ಲಿ ಒಂದು ವಿಚಿತ್ರವಿದೆ. ಸಿಹಿನೀರು ಆತನ ರಾಜ್ಯ, ಸಂತಾನವಾಗುವುದೋ ಉಪ್ಪುನೀರಿನಲ್ಲಿ. ಪ್ರಾಯಕ್ಕೆ ಬಂದ ಏಡಿಗಳು ಶರತ್ಕಾಲದಲ್ಲಿ, ಗೆದ್ದ ನಾಡನ್ನೆಲ್ಲ ಬಿಟ್ಟು, ಹೊಳೆಯಗುಂಟ ಅಳಿವೆಗೆ ಇಳಿದುಬರುತ್ತವೆ. ಹೆಣ್ಣೊಂದು ಎರಡೂವರೆ ಲಕ್ಷದಿಂದ ಹತ್ತು ಲಕ್ಷದವರೆಗೆ ಮೊಟ್ಟೆಗಳನ್ನು ಹೊರುತ್ತದೆ. ವಂಶವನ್ನು ನೆಲೆಗೊಳಿಸಿದ ಗಂಡುಹೆಣ್ಣುಗಳೆರಡೂ ಅಲ್ಲಿಯೇ ಪ್ರಾಣ ಬಿಡುತ್ತವೆ. ಯುವರಾಜರು ತಂದೆತಾಯಿಗಳ ಮುಖವರಿಯದೆ, ರಾಜ್ಯದ ಮೇರೆಯರಿಯದೆ, ಮತ್ತೆ ಮೊದಲಿನಿಂದ ನದಿಯನ್ನೇರತಕ್ಕದ್ದು.

ಯುರೋಪಿನಲ್ಲಿ ಪೀಡೆಯೆನಿಸಿದ ಇದೇ ಮಹಾಶಯನು ತನ್ನ ಜನ್ಮಭೂಮಿಯಲ್ಲಿ ದುಬಾರಿ ಭಕ್ಷ್ಯ. ಚಾಂದ್ರಮಾನದ ಒಂಬತ್ತನೆಯ ತಿಂಗಳಲ್ಲಿ ಹೆಣ್ಣು, ಹತ್ತನೆಯದರಲ್ಲಿ ಗಂಡು ರುಚಿಯೆಂದು ಅಲ್ಲಿನವರ ನಿರ್ಣಯ; ಯಾಂಗ್‌ಚೆಂಗ್ ಸರೋವರದ್ದಾದರೆ ಬೆಲೆಗೆ ಮಿತಿಯಿಲ್ಲ. ಕೈಕಾಲುಗಳನ್ನು ಹಗ್ಗದಿಂದ ಬಿಗಿದು ಹಬೆಯಲ್ಲಿ ಬೇಯಿಸುತ್ತಾರೆ. ಆ ವೇಳೆಯಲ್ಲಿ ಉಣ್ಣೆಯ ಕೈಗವಸು ಯಾವ ಪ್ರಯೋಜನಕ್ಕೆ ಬಂದೀತೆಂಬ ಆಕ್ಷೇಪವನ್ನು ಪೂರ್ವಪಕ್ಷಿಯು ಇನ್ನೂ ಎತ್ತಿಲ್ಲವಾದುದರಿಂದ, ನಾವಾಗಿಯೇ ಅದನ್ನು ಅವರಿಗೆ ಸೂಚಿಸಲು ಹೋಗುವುದಿಲ್ಲ.