ಮೂಲೆಯಲ್ಲಿ ಜಾಗವಿಲ್ಲ

ಅಂಗನವಾಡಿಗಳಲ್ಲಿ ತಲೆತಲಾಂತರದಿಂದ ಬಂದ ಆಜ್ಞೆಯೊಂದಿದೆ: "ಕೈ ಕಟ್ಟಿ, ಬಾಯ್ ಮೇಲೆ ಬೆರಳಿಡಿ!" ಎರಡೂ ಕೈ ಕಟ್ಟಿದ ಮೇಲೆ ಬೆರಳು ಎಲ್ಲಿಂದ ಬರಬೇಕು ಎಂದು ಆಜ್ಞೆ ಕೊಟ್ಟವರು ಯೋಚಿಸಿರುವುದಿಲ್ಲ. ನಾಲ್ಕು ವರ್ಷದವರು ಯೋಚಿಸುತ್ತಾರೆ. ಅಂಬ್ಲಿಗೊಳ ಜಲಾಶಯದ ಕಡೆಯ ಒಬ್ಬ ಪೋರ ಶಿಸ್ತಾಗಿ ಕೈ ಕಟ್ಟಿಕೊಂಡು, ಪಕ್ಕದಲ್ಲಿ ಕೂತವಳ ಬೆರಳನ್ನು ತನ್ನ ಬಾಯಿ ಮೇಲೆ ಇಡಿಸಿಕೊಂಡ. ಆಜ್ಞೆ ಚಾಚೂ ತಪ್ಪದೆ ಪಾಲನೆಯಾಯಿತು. ಆಮೇಲೆ ಆ ಬೆರಳನ್ನು ಕಚ್ಚಿದ.

ಹಾಗೆ ನೋಡಿದರೆ ವಿದ್ಯಾರ್ಥಿಯ ಸಿಟ್ಟಿಗೆ ನಮ್ಮ ಶಿಕಾರಿಪುರ ತಾಲೂಕಿನಲ್ಲಿ ದೊಡ್ಡ ಇತಿಹಾಸವೇ ಇದೆ. ಇಲ್ಲಿನ ತಾಳಗುಂದದ ಕಂಬದ ಮೇಲೆ ಅದನ್ನು ಕೆತ್ತಿಯೇ ಇಟ್ಟಿದ್ದಾರೆ. ಅಜ್ಜ ವೀರಶರ್ಮನ ಜೊತೆ ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳ ಕಾಯ್ದು, ದರ್ಭೆ ಹಿಡಿಯಬೇಕಾದ ಕೈಯಲ್ಲಿ ಕತ್ತಿ ಹಿಡಿದ. ಅವತ್ತು ಯಾರಾದರೂ ಅವನನ್ನು ಮೂಲೆಯಲ್ಲಿ ಕೂರಿಸಿ ಸಮಾಧಾನ ಮಾಡಿದ್ದರೆ ನಮಗೆ ಕದಂಬ ರಾಜ್ಯವೇ ಇರುತ್ತಿರಲಿಲ್ಲವೇನೋ. ಅಂಗನವಾಡಿಯ ಅಕ್ಕೋರಿಗೆ ಇದನ್ನು ಹೇಳಿದೆ. "ರಾಜ್ಯ ಆಮೇಲೆ ಕಟ್ಲಿ ಸಾರ್, ಮೊದ್ಲು ಆ ಪೋರ ಚಪ್ಪಲಿ ಬಿಸಾಕೋದು ನಿಲ್ಸಲಿ" ಎಂದರು.

ಮೂಲೆಯ ಮಾತು ಬಂತಲ್ಲ. ತಂಟೆ ಮಾಡಿದ ಮಗುವನ್ನು ಸ್ವಲ್ಪ ಹೊತ್ತು ಒಂದು ಕಡೆ ಒಂಟಿಯಾಗಿ ಕೂರಿಸಿ ಎಂದು ಮಕ್ಕಳ ಪಾಲನೆಯ ಪುಸ್ತಕಗಳಲ್ಲಿ ಬರೆಯುತ್ತಾರೆ. ಬರೆದವರು ನಮ್ಮ ಒಂದು ಕೋಣೆಯ ಅಂಗನವಾಡಿ ನೋಡಿರಲಾರರು. ಕೋಣೆಗೆ ನಾಲ್ಕು ಮೂಲೆ, ಅದು ನಿಜ. ಒಂದರಲ್ಲಿ ಅಕ್ಕಿ ಚೀಲ, ಇನ್ನೊಂದರಲ್ಲಿ ತೂಕದ ಯಂತ್ರ, ಮತ್ತೊಂದರಲ್ಲಿ ಸಿಲಿಂಡರು. ನಾಲ್ಕನೆಯದರಲ್ಲಿ ಅಕ್ಕೋರ ರಿಜಿಸ್ಟರುಗಳು. ಫೋನಿನಲ್ಲಿ ಪೋಷಣ್ ಟ್ರ್ಯಾಕರ್ ಬಂದ ಮೇಲೂ ಅವು ಜಾಗ ಬಿಟ್ಟಿಲ್ಲ. ಶಿಕ್ಷೆಯೆಂದು ಅಕ್ಕಿ ಚೀಲದ ಪಕ್ಕ ಕೂರಿಸಿದರೆ ಮಗು ಚೀಲಕ್ಕೆ ಬೆರಳು ತೂರಿಸಿ ಅಕ್ಕಿ ಮುಕ್ಕುತ್ತದೆ. ಅದನ್ನು ನೋಡಿ ಇನ್ನಿಬ್ಬರು ತಾವೂ ಏನಾದರೊಂದು ತಪ್ಪು ಮಾಡಿ ಅಲ್ಲಿಗೆ ಹೋಗಲು ತಯಾರಾಗುತ್ತಾರೆ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾಗಿ, ಕರ್ನಾಟಕದಲ್ಲಿ ಟಿ. ನರಸೀಪುರದಿಂದ ಕಾಲಿಟ್ಟ ಈ ಅಂಗನವಾಡಿ ಯೋಜನೆಗೆ ಆರು ಸೇವೆಗಳಿವೆ: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡಾಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ-ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಇರುವ ಒಂದೇ ಪ್ಲಾಸ್ಟಿಕ್ ಕುದುರೆಗೆ ಏಳು ಜನ ಜಗ್ಗಾಡಿದಾಗ ಪಂಚಾಯಿತಿ ಮಾಡುವುದು ಯಾವ ಸೇವೆಯ ಕೆಳಗೆ ಬರುತ್ತದೆಂದು ಯಾರೂ ಬರೆದಿಲ್ಲ. ದಿನದ ಅರ್ಧ ಅದಕ್ಕೇ ಹೋಗುತ್ತದೆ.

ಅಕ್ಕೋರ ಪ್ರಕಾರ ಹಟಮಾರಿ ಮಗು ಎನ್ನುವುದೇ ಇಲ್ಲ, ಹಟದ ಹೊತ್ತು ಮಾತ್ರ ಇದೆ. ಹಾಲು ಕುಡಿಯುವ ಮುಂಚಿನ ಮಗುವೇ ಬೇರೆ, ಕುಡಿದ ಮೇಲಿನದೇ ಬೇರೆ. 2013ರಲ್ಲಿ ಕ್ಷೀರಭಾಗ್ಯ ಬಂದಾಗ ಎಲ್ಲರೂ ಪೌಷ್ಟಿಕತೆಯ ಲೆಕ್ಕ ಹೇಳಿದರು. ಲೋಟ ಕೈಗೆ ಬಂದ ಕೂಡಲೇ ಕೋಣೆ ತಣ್ಣಗಾಗುತ್ತದೆನ್ನುವ ಲೆಕ್ಕ ಸಹಾಯಕಿಯರಿಗಷ್ಟೇ ಗೊತ್ತು. ಇನ್ನೊಂದು ಲೆಕ್ಕ ಅಡಿಕೆಯದು. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಹತ್ತಾದರೂ ಮನೆಮನೆಯಲ್ಲಿ ಅಡಿಕೆ ಸುಲಿಯುತ್ತಿರುತ್ತಾರೆ. ದೀಪ, ಮಾತು, ನಗು, ಮಕ್ಕಳಿಗೆ ನಿದ್ದೆಯೆಲ್ಲಿ? ಬೆಳಿಗ್ಗೆ ಕಣ್ಣುಜ್ಜುತ್ತ ಬಂದವರು ಮುಟ್ಟಿದರೆ ಅಳುತ್ತಾರೆ, ಮುಟ್ಟದಿದ್ದರೆ ಹೊಡೆಯುತ್ತಾರೆ. ಆ ತಿಂಗಳುಗಳಲ್ಲಿ ಅಕ್ಕೋರು ಅಕ್ಷರ ಕಲಿಸುವ ಗೋಜಿಗೆ ಹೋಗುವುದಿಲ್ಲ. ಚಾಪೆ ಹಾಸುತ್ತಾರೆ. ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಶಿಸ್ತುಕ್ರಮ ಇಲ್ಲ.

ಕಚ್ಚುವುದೂ ಹಾಗೆಯೇ, ಅದಕ್ಕೂ ಒಂದು ಹೊತ್ತಿದೆ. ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗೆಂದು ಈಚೆಗೆ 'ಕೂಸಿನ ಮನೆ'ಗಳು ಬಂದಿವೆಯಲ್ಲ, ಅಲ್ಲಿನ ಪಡೆಯ ವಯಸ್ಸು ಇನ್ನೂ ಚಿಕ್ಕದು. "ಅದು ನನ್ನದು, ಕೊಡು" ಎನ್ನಲು ಮಾತು ಬರದವರಿಗೆ ಹಲ್ಲು ಮೊದಲೇ ಬಂದಿರುತ್ತದೆ. ಮಾತು ಬಂದ ಮೇಲೆ ಹೆಚ್ಚಿನವರು ಕಚ್ಚುವುದು ಬಿಟ್ಟು ಬೈಯಲು ಕಲಿಯುತ್ತಾರೆ. ಅದನ್ನು ಪ್ರಗತಿ ಎಂದೇ ಬರೆದುಕೊಳ್ಳಬೇಕು.

ಹೆದರಿಸುವ ವಿದ್ಯೆ ಮನೆಯವರದು. ಪುರಂದರದಾಸರ ಹಾಡಿನಲ್ಲಿ ಬಾಲಕೃಷ್ಣನೇ ಗುಮ್ಮನಿಗೆ ಅಂಜಿ ಅಮ್ಮನನ್ನು ಬೇಡಿಕೊಳ್ಳುವಾಗ ನಮ್ಮ ಅಜ್ಜಿಯರನ್ನು ಏನೆನ್ನುವುದು? ಈಗ ಗುಮ್ಮ ನಿವೃತ್ತನಾಗಿ ಅವನ ಜಾಗಕ್ಕೆ ಪೊಲೀಸು ಮತ್ತು ಇಂಜೆಕ್ಷನ್ ಬಂದಿವೆ. "ಊಟ ಮಾಡ್ಲಿಲ್ಲಾಂದ್ರೆ ಸೂಜಿ ಚುಚ್ಚಿಸ್ತೀನಿ ನೋಡು." ಸೂಜಿ ಹಾಕುವ ಸಿಸ್ಟರು ಬರುವುದು ಇದೇ ಅಂಗನವಾಡಿಗೆ! ಊಟ ಪೂರ್ತಿ ಮಾಡಿದ ಮಗುವಿಗೂ ಅವತ್ತು ಚುಚ್ಚುತ್ತಾರೆ. ಅಲ್ಲಿಗೆ ಮಗುವಿಗೆ ನ್ಯಾಯದ ಮೇಲಿದ್ದ ನಂಬಿಕೆ ಹೋಯಿತು. ಒಂದು ಹೆದರಿಕೆಯನ್ನು ಮಾತ್ರ ನಾನು ಒಪ್ಪುತ್ತೇನೆ. ಜಲಾಶಯದ ಮಗ್ಗುಲಲ್ಲಿ ಬದುಕುವವರು ಮಕ್ಕಳಿಗೆ "ನೀರಿನ ಹತ್ರ ಹೋದ್ರೆ ಮೊಸಳೆ" ಎಂದರೆ ಮೊಸಳೆ ಎಲ್ಲಿದೆ ತೋರಿಸಿ ಎಂದು ವಾದಕ್ಕೆ ನಿಲ್ಲುವುದಿಲ್ಲ.

ಹೆದರಿಸದೆ ಮಕ್ಕಳನ್ನು ಸಂಭಾಳಿಸಿದವರೂ ಇದ್ದಾರೆ. ಭಾವನಗರದ ಗಿಜುಭಾಯಿ ಬಧೇಕ ವಕೀಲಿಕೆ ಬಿಟ್ಟು 1920ರಲ್ಲಿ ಬಾಲಮಂದಿರ ತೆರೆದವರು. ಗುಜರಾತಿನವರು ಅವರನ್ನು 'ಮೀಸೆಯ ತಾಯಿ' ಎಂದು ಪ್ರೀತಿಯಿಂದ ಕರೆದರು. ಮಕ್ಕಳನ್ನು ಹೊಡೆಯದೆ, ಬೈಯದೆ, ಕಥೆ ಆಟಗಳಿಂದಲೇ ಹಿಡಿದಿಡಬಹುದೆಂದು ಅವರು ಬರೆದರು. ಅವರ ಪುಸ್ತಕವನ್ನು ಓದದ ನಮ್ಮ ಅಕ್ಕೋರು ಬೆರಳು ಕಚ್ಚಿದ ಪೋರನಿಗೆ ಲೋಟ ಹಂಚುವ ಕೆಲಸ ವಹಿಸಿದರು. ಮಾರನೆಯ ದಿನದಿಂದ ಅವನಿಗೆ ಪುರಸೊತ್ತೇ ಇಲ್ಲ. ಸಾಲು ತಪ್ಪಿದವರಿಗೆ ಲೋಟವಿಲ್ಲ ಎಂದು ಕಾನೂನು ಮಾಡಿದ. ಅದನ್ನು ರದ್ದು ಮಾಡಿಸಲು ಅಕ್ಕೋರೇ ಸಾಲಿನಲ್ಲಿ ನಿಲ್ಲಬೇಕಾಯಿತು.

ಸಂಜೆ ಅಂಗಳದಲ್ಲಿ ಮಕ್ಕಳು ಅಂಗನವಾಡಿ ಆಟ ಆಡುತ್ತಿದ್ದವು. ಅಕ್ಕೋರಾದ ಹುಡುಗಿಯ ಕೈಯಲ್ಲಿ ಮೊಳದುದ್ದದ ಕೋಲು. ಎದುರಿಗೆ ವಿದ್ಯಾರ್ಥಿಗಳಾಗಿ ಒಂದು ಗೊಂಬೆ, ಎರಡು ತೆಂಗಿನಕಾಯಿ, ಒಂದು ಬೆಕ್ಕಿನ ಮರಿ. ದಾರಿಯಲ್ಲಿ ಹೋಗುತ್ತಿದ್ದ ನಿಜವಾದ ಅಕ್ಕೋರು ನಿಂತು ನೋಡಿ ನೊಂದುಕೊಂಡರು.

"ನಾನ್ ಯಾವತ್ತೇ ಕೋಲು ಹಿಡ್ದಿದೀನಿ?"

"ನೀವ್ ಹಿಡಿಯಲ್ಲ ಅಕ್ಕೋರೇ," ಹುಡುಗಿ ಬೆಕ್ಕಿನ ಮರಿಯನ್ನು ಎಳೆದು ಮತ್ತೆ ಸಾಲಿಗೆ ಕೂರಿಸಿದಳು. "ನಿಮ್ ಮಕ್ಳು ಒಳ್ಳೇವು. ಇವು ಹೇಳಿದ್ ಮಾತೇ ಕೇಳಲ್ಲ."