ಚಿಲಕಮೀಮಾಂಸೆ ಅರ್ಥಾತ್ ಕಿಟ್ ಕಾರಿನ ಬಾಗಿಲು ತೆರೆಯದಿರುವಿಕೆಯ ಶಾಸ್ತ್ರೀಯ ವಿವೇಚನೆ

ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ವಿಷಯ: ಕಿಟ್ ಕಾರಿನ ಬಾಗಿಲ ಚಿಲಕ ಜಾಮ್ ಆಗಿರುವುದು. ಪ್ರಯೋಜನ: ಹೊರಗೆ ಬರುವುದು. ಸಂಬಂಧ: ಹಿಡಿಕೆಗೂ ಚಿಲಕಕ್ಕೂ ಇರಬೇಕಾದದ್ದು, ಸದ್ಯಕ್ಕೆ ಇಲ್ಲದ್ದು. ಅಧಿಕಾರಿ, ಅಂದರೆ ಈ ಗ್ರಂಥ ಓದಲು ಅರ್ಹನಾದವನು: ಒಳಗೆ ಸಿಕ್ಕಿಕೊಂಡವನು. ಹೊರಗೆ ನಿಂತು ನಗುತ್ತಿರುವವರಲ್ಲಿ ಮುಮುಕ್ಷುತ್ವ ಇನ್ನೂ ಹುಟ್ಟಿಲ್ಲವಾದ್ದರಿಂದ ಅವರು ಅನಧಿಕಾರಿಗಳು.

ಬಿಡಿಭಾಗಗಳನ್ನು ಪೆಟ್ಟಿಗೆಗೆ ತುಂಬಿ ಕೊಟ್ಟು, ಜೋಡಿಸುವ ಪುಣ್ಯವನ್ನು ಕೊಂಡವನಿಗೇ ಬಿಡುವ ವಾಹನವೇ ಕಿಟ್ ಕಾರು. ಬ್ರಿಟನ್ನಿನಲ್ಲಿ ಇದು ಹುಲುಸಾಗಿ ಬೆಳೆದದ್ದು ತೆರಿಗೆಯ ಕೃಪೆಯಿಂದ. ಪೂರ್ತಿ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗದ ರಾಶಿಗೆ ಇರಲಿಲ್ಲ. ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸೆವೆನ್ 1957ರಲ್ಲಿ ಬಂದಾಗ ಅದನ್ನು ಹೀಗೆ ಬಿಡಿಬಿಡಿಯಾಗಿ ಕೊಂಡವರೇ ಬಹಳ. ಜೋಡಿಸುವ ಕ್ರಮವನ್ನು ಬರೆದುಕೊಟ್ಟರೆ ವಿನಾಯಿತಿ ತಪ್ಪುತ್ತದೆಂದು ಕಂಪನಿಯವರು ಕಾರನ್ನು ಬಿಚ್ಚುವ ಕ್ರಮವನ್ನು ಬರೆದುಕೊಟ್ಟರೆಂದೂ, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರೆಂದೂ ಐತಿಹ್ಯ. ವೆಂಕಟಾಧ್ವರಿಯ ‘ರಾಘವಯಾದವೀಯ’ವನ್ನು ನೆಟ್ಟಗೆ ಓದಿದರೆ ರಾಮನ ಕಥೆ, ತಿರುಗಿಸಿ ಓದಿದರೆ ಕೃಷ್ಣನ ಕಥೆ. ಲೋಟಸ್ ಕೈಪಿಡಿಯನ್ನು ನೆಟ್ಟಗೆ ಓದಿದರೆ ಸಾಮಾನಿನ ರಾಶಿ, ತಿರುಗಿಸಿ ಓದಿದರೆ ಕಾರು. ವಿಲೋಮಕಾವ್ಯದ ಇತಿಹಾಸಕಾರರು ಈ ಕೃತಿಯನ್ನು ಕಡೆಗಣಿಸಿರುವುದು ಖೇದಕರ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಈ ಲಾಭ ಹೋಯಿತು; ಅದೇ ವರ್ಷ ಸೆವೆನ್ನಿನ ಹಕ್ಕು ಕೇಟರ್‌ಹ್ಯಾಮ್ ಎಂಬ ಕಂಪನಿಯ ಪಾಲಾಯಿತು. ಲಾಭ ಹೋದರೂ ಚಟ ಹೋಗಲಿಲ್ಲ.

ಸೆವೆನ್ನಿಗೆ ಸರಿಯಾದ ಬಾಗಿಲೇ ಇರಲಿಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮಳೆ ಬಂದರೆ ಸಿಕ್ಕಿಸಿಕೊಳ್ಳಲು ಪಕ್ಕದ ಪರದೆ, ಅಷ್ಟೆ. ಬಾಗಿಲಿಲ್ಲದಲ್ಲಿ ಚಿಲಕವಿಲ್ಲ, ಚಿಲಕವಿಲ್ಲದಲ್ಲಿ ಬಂಧನವಿಲ್ಲ. ಇಂಥ ನೇರದಾರಿಯನ್ನು ಬಿಟ್ಟು ಮುಂದಿನವರು ಫೈಬರ್‌ಗ್ಲಾಸ್ ಬಾಗಿಲು ಕೂರಿಸಿ ಸಂಸಾರಕ್ಕೆ ಬಿದ್ದರು.

ಬಾಗಿಲು ಬಂದಮೇಲೆ ಹಿಡಿಕೆ ಬೇಕು. ಸಣ್ಣ ಕಂಪನಿಗಳು ಹಿಡಿಕೆಗೆಂದು ಅಚ್ಚು ಹೊಯ್ಯಿಸುವುದಿಲ್ಲ; ಇನ್ನೊಬ್ಬರದನ್ನು ತಂದು ಹಾಕುತ್ತವೆ. ಮಾರಿಸ್ ಮರೀನಾದ ಬಾಗಿಲ ಹಿಡಿಕೆಯನ್ನೇ ನೋಡಿ: ಆಸ್ಟಿನ್ ಅಲ್ಲೆಗ್ರೋದಲ್ಲಿ ಅದೇ, ರಿಲಯಂಟ್ ಸಿಮಿಟಾರ್‌ನಲ್ಲಿ ಅದೇ, ಕೊನೆಗೆ ಶ್ರೀಮಂತರ ಲೋಟಸ್ ಎಸ್ಪ್ರಿಯಲ್ಲೂ ಅದೇ. ದೊಡ್ಡವರ ಪಾಡೇ ಹೀಗಿರುವಾಗ ಮನೆಯ ಶೆಡ್ಡಿನಲ್ಲಿ ಕಾರು ಕಟ್ಟುವವನ ಗತಿಯೇನು? ಅವನ ಬಾಗಿಲಿನಲ್ಲಿ ಹಿಡಿಕೆ ಒಂದು ಗೋತ್ರದ್ದು, ಚಿಲಕ ಗುಜರಿಯಿಂದ ತಂದ ಇನ್ನೊಂದು ಗೋತ್ರದ್ದು, ನಡುವಿನ ರಾಡು ಸ್ವತಃ ಇಕ್ಕಳದಲ್ಲಿ ಹಿಡಿದು ಬಗ್ಗಿಸಿದ್ದು.

ಕರ್ನಾಟಕಕ್ಕೂ ಈ ಶಾಸ್ತ್ರದಲ್ಲಿ ಒಂದು ಎಳೆ ಇದೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ಸಿಪಾನಿ ಡಾಲ್ಫಿನ್ ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನ ಸಂತಾನ. 848 ಸಿಸಿ ಎಂಜಿನ್, ಫೈಬರ್‌ಗ್ಲಾಸ್ ಮೈ. ಅದು ಕಿಟ್ ಕಾರಲ್ಲ, ಕಾರ್ಖಾನೆಯ ಕಾರೇ. ಆದರೂ ಫೈಬರ್‌ಗ್ಲಾಸ್ ಬಾಗಿಲಿನ ಸ್ವಭಾವವನ್ನು ಕನ್ನಡಿಗರಿಗೆ ಹತ್ತಿರದಿಂದ ಪರಿಚಯಿಸಿತು. ಮನೆಯಲ್ಲೇ ಕಾರು ಕಟ್ಟಿ ಆರ್‌ಟಿಒ ಮುಂದೆ ನಿಲ್ಲಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಸುಲಭವಾಗಿ ಬರುವುದಿಲ್ಲ. ಕಂಪನಿ ಕೊಟ್ಟ ಗಾಡಿಯನ್ನು ಬದಲಿಸಹೊರಟರೇ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ನಿಲ್ಲುತ್ತದೆ. ಹಾಗಾಗಿ ಚಿಲಕಮೀಮಾಂಸೆ ಬ್ರಿಟನ್ನಿನಲ್ಲಿ ಪ್ರಯೋಗಶಾಸ್ತ್ರ, ನಮ್ಮಲ್ಲಿ ಶುದ್ಧ ಶಾಸ್ತ್ರ. ಶುದ್ಧ ಶಾಸ್ತ್ರದಲ್ಲಿ ನಾವು ಯಾರಿಗೂ ಕಮ್ಮಿಯಿಲ್ಲ.

ಇನ್ನು ಸ್ವರೂಪ. ಬಾಗಿಲು ಬಂದು ಕೂರುವ ಕಂಬದಲ್ಲಿ ಸ್ಟ್ರೈಕರ್ ಎಂಬ ಗೂಟವಿರುತ್ತದೆ. ಬಾಗಿಲ ಅಂಚಿನೊಳಗೆ ಬಾಯಿ ತೆರೆದ ಒಂದು ಉಕ್ಕಿನ ಬಿಲ್ಲೆ. ಬಾಗಿಲು ತಳ್ಳಿದಾಗ ಗೂಟ ಬಿಲ್ಲೆಯ ಬಾಯಿಗೆ ನುಗ್ಗಿ ಅದನ್ನು ತಿರುಗಿಸುತ್ತದೆ. ಪಕ್ಕದಲ್ಲಿ ಸ್ಪ್ರಿಂಗಿನ ಒತ್ತಡದಲ್ಲಿ ಕಾದಿರುವ ಸಣ್ಣ ಕೊಕ್ಕೆ ಬಿಲ್ಲೆಯ ಹಲ್ಲಿಗೆ ಬಿದ್ದು ಹಿಂದಿರುಗದಂತೆ ತಡೆಯುತ್ತದೆ. ಹಲ್ಲು ಎರಡು: ಮೊದಲನೆಯದು ಅರೆಬಂಧನ, ಎರಡನೆಯದು ಪೂರ್ಣಬಂಧನ. ಬಾಗಿಲು ಹಾಕುವಾಗ ‘ಟಕ್-ಟಕ್’ ಎಂದು ಎರಡು ಸಲ ಕೇಳುವುದು ಇದರಿಂದಲೇ. ಈ ದ್ವಿರುಕ್ತಿ ಕೇವಲ ಅಲಂಕಾರವಲ್ಲ. ಕೀಲುಬಾಗಿಲಿಗೆ ಎರಡು ಹಂತದ ಹಿಡಿತ ಇರಬೇಕೆಂದು ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 11ನೆಯ ನಿಯಮವೇ ವಿಧಿಸುತ್ತದೆ. ಹಿಡಿಕೆ ಎಳೆದರೆ ರಾಡು ಸರಿಯುತ್ತದೆ, ರಾಡು ಕೊಕ್ಕೆಯನ್ನು ಎತ್ತುತ್ತದೆ, ಬಿಲ್ಲೆ ಗೂಟವನ್ನು ಬಿಡುತ್ತದೆ.

ಹಿಡಿಕೆ ಮತ್ತು ಚಿಲಕಗಳ ನಿಜವಾದ ಸಂಬಂಧವೇನು ಎಂಬಲ್ಲಿ ಮತಭೇದವಿದೆ. ಎರಡೂ ಒಂದೇ, ಭೇದ ತೋರುವುದು ಭ್ರಮೆ ಎಂದು ಅದ್ವೈತಿಗಳು. ರಾಡೆಂಬ ವಿಶೇಷಣದಿಂದ ಕೂಡಿಯೇ ಒಂದು ಎಂದು ವಿಶಿಷ್ಟಾದ್ವೈತಿಗಳು. ರಾಡನ್ನು ಹಿಡಿಕೆಯ ತುದಿಗೆ ಕಚ್ಚಿಸುವ ಕಡಲೆಕಾಳಿನಷ್ಟು ಪ್ಲಾಸ್ಟಿಕ್ ಕ್ಲಿಪ್ ಹಳೆಯದಾಗಿ, ಒಣಗಿ, ಒಂದು ಬೆಳಿಗ್ಗೆ ಪಟ್ಟೆಂದು ಮುರಿದುಬಿದ್ದಾಗ ಹಿಡಿಕೆ ಕೈಯಲ್ಲಿ ಸಡಿಲವಾಗಿ ಆಡುತ್ತದೆ, ಚಿಲಕ ತನ್ನ ಪಾಡಿಗೆ ತಾನಿರುತ್ತದೆ. ಅಂದು ದ್ವೈತ ನಿರ್ವಿವಾದವಾಗಿ ಸಿದ್ಧಿಸುತ್ತದೆ. ಉಡುಪಿಯ ಕಡೆಯ ವಿದ್ವಾಂಸರು ಈ ಕ್ಲಿಪ್ಪನ್ನು ಇನ್ನೂ ಪ್ರಮಾಣವಾಗಿ ಬಳಸಿಕೊಂಡಿಲ್ಲ.

ದೋಷವನ್ನು ತಿಳಿಯುವ ಬಗೆ ಹೇಗೆ? ಪ್ರತ್ಯಕ್ಷ ಇಲ್ಲಿ ನಡೆಯದು. ಚಿಲಕದ ಸ್ಕ್ರೂಗಳಿರುವುದು ಬಾಗಿಲ ಅಂಚಿನಲ್ಲಿ. ಬಾಗಿಲು ತೆರೆಯದೆ ಅವು ಕಾಣುವುದಿಲ್ಲ. ಚಿಲಕ ಬಿಚ್ಚದೆ ಬಾಗಿಲು ತೆರೆಯದು, ಬಾಗಿಲು ತೆರೆಯದೆ ಚಿಲಕ ಬಿಚ್ಚಲಾಗದು. ತರ್ಕಶಾಸ್ತ್ರ ಓದುವಾಗ ಅನ್ಯೋನ್ಯಾಶ್ರಯ ದೋಷವೆಂದರೇನೆಂದು ತಿಳಿಯದೆ ಒದ್ದಾಡಿದವರು ಒಮ್ಮೆ ಇಂಥ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಳ್ಳಬೇಕು. ಉಳಿದದ್ದು ಅನುಮಾನ. ಹಿಡಿಕೆ ಸಡಿಲವಾಗಿ ಬಂದರೆ ಕ್ಲಿಪ್ ಹೋಗಿದೆ ಅಥವಾ ರಾಡು ಕಳಚಿದೆ. ಬಿಗಿಯಾಗಿ ನಿಂತರೆ ಹಳೆಯ ಗ್ರೀಸು ಮೇಣವಾಗಿದೆ, ಇಲ್ಲವೇ ಬಾಗಿಲು ಕೀಲಿನಲ್ಲಿ ಜೋತು ಬಿಲ್ಲೆ ಗೂಟವನ್ನು ಓರೆಯಾಗಿ ಕಚ್ಚಿಕೊಂಡಿದೆ. ಉಪಮಾನವೆಂದು ಆಚೆ ಬದಿಯ ಬಾಗಿಲನ್ನು ನೋಡಬಹುದು, ಆದರೆ ಅದನ್ನು ಕಟ್ಟಿದವನೂ ಇವನೇ. ಶಬ್ದಪ್ರಮಾಣವನ್ನಂತೂ ಅಕ್ಕಪಕ್ಕದವರು ಕೇಳದೆಯೇ ಒದಗಿಸುತ್ತಾರೆ.

ಪರಿಹಾರದಲ್ಲಿ ಎರಡು ಪೂರ್ವಪಕ್ಷಗಳು. ಗುದ್ದುವಾದಿಗಳು ಬಾಗಿಲಿಗೆ ಮೊಣಕೈಯಿಂದ ಗುದ್ದುತ್ತಾರೆ, ಆಗದಿದ್ದರೆ ಸಂದಿಗೆ ದೊಡ್ಡ ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತಾರೆ. ತಗಡಿನ ಬಾಗಿಲಾದರೆ ನೆಗ್ಗುತ್ತದೆ. ಫೈಬರ್‌ಗ್ಲಾಸಿನ ಮೇಲುಪದರ ನೆಗ್ಗುವುದಿಲ್ಲ, ಜೇಡರಬಲೆಯ ಹಾಗೆ ಬಿರಿಯುತ್ತದೆ. ಆದ್ದರಿಂದ ಈ ಪಕ್ಷ ತ್ಯಾಜ್ಯ. ಎಣ್ಣೆವಾದಿಗಳು ಎಲ್ಲಕ್ಕೂ ಡಬ್ಲ್ಯೂಡಿ-40 ಎನ್ನುತ್ತಾರೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ ಈ ದ್ರವದ ಮೂಲ ಕೆಲಸ ನೀರನ್ನು ಹೊರದೂಡುವುದು. ಅಟ್ಲಾಸ್ ಕ್ಷಿಪಣಿಯ ಹೊರಮೈ ತುಕ್ಕು ಹಿಡಿಯದಿರಲೆಂದು ಬಳಸಿದರು. ಗಟ್ಟಿಯಾದ ಗ್ರೀಸನ್ನು ಅದು ಸಡಿಲಿಸುತ್ತದೆ, ನಿಜ. ಆದರೆ ಚಿಲಕಕ್ಕೆ ಬಹುಕಾಲ ಬಾಳುವ ಜಿಡ್ಡು ಅದಲ್ಲ. ಕ್ಷಿಪಣಿಗೆ ಬಾಗಿಲ ಹಿಡಿಕೆ ಇರಲಿಲ್ಲ ಎಂಬ ಮುಖ್ಯ ಭೇದವನ್ನು ಎಣ್ಣೆವಾದಿಗಳು ಮರೆಯುತ್ತಾರೆ.

ಈಗ ಸಿದ್ಧಾಂತ. ಬಾಗಿಲ ರಬ್ಬರು ಒಳಗಿನಿಂದ ಸದಾ ಹೊರಕ್ಕೆ ಒತ್ತುತ್ತಿರುತ್ತದೆ. ಆ ಒತ್ತಡವೆಲ್ಲ ಬಿಲ್ಲೆಯ ಮೂಲಕ ಕೊಕ್ಕೆಯ ಮೇಲೆ ಕೂತಿರುತ್ತದೆ. ಆದ್ದರಿಂದ ತೆರೆಯಬೇಕಾದ ಬಾಗಿಲನ್ನು ಮೊದಲು ಒಳಕ್ಕೆ ಒತ್ತಬೇಕು. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಬಾಗಿಲನ್ನು ಅದುಮಿ ಹಿಡಿಯಲಿ, ಇನ್ನೊಬ್ಬರು ಹಿಡಿಕೆ ಎಳೆಯಲಿ. ರಾಡು ಕಚ್ಚಿಕೊಂಡೇ ಇದ್ದರೆ ಬಹಳ ಸಲ ಇಷ್ಟಕ್ಕೇ ಬಾಗಿಲು ಬರುತ್ತದೆ. ನಗುತ್ತಿದ್ದ ಅನಧಿಕಾರಿಗಳಿಗೆ ಇಲ್ಲಿ ಮೊದಲ ಬಾರಿ ಕೆಲಸ ಸಿಗುತ್ತದೆ. ರಾಡು ಕಳಚಿದ್ದರೆ ಒಳಗಿನ ಡೋರ್ ಪ್ಯಾಡನ್ನು ಅಂಚಿನಿಂದ ಮೆಲ್ಲಗೆ ಸಡಿಲಿಸಿ, ಕೈ ತೂರಿಸಿ, ರಾಡನ್ನೇ ಬೆರಳಲ್ಲಿ ಎಳೆಯಬೇಕು. ಅಷ್ಟು ಹೊತ್ತು ಹೊರಗೆ ಬರಲು ಆಚೆ ಬದಿಯ ಬಾಗಿಲಿದೆ ಎಂಬುದನ್ನು ಗ್ರಂಥವಿಸ್ತಾರದ ದೃಷ್ಟಿಯಿಂದ ಈವರೆಗೆ ಹೇಳಿರಲಿಲ್ಲ.

ತೆರೆದ ಮೇಲೆ ಚಿಲಕವನ್ನು ಕಳಚಿ ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಕ್ಲಿಪ್ ಹೊಸದು ಹಾಕಿ. ರಾಡಿನ ಉದ್ದ ಹೊಂದಿಸುವಾಗ ಕೂದಲೆಳೆಯಷ್ಟು ಸಡಿಲ ಬಿಡಿ: ರಾಡು ಸದಾ ಬಿಗಿದಿದ್ದರೆ ಕೊಕ್ಕೆ ಪೂರ್ತಿ ಕೂರದೆ ಬಾಗಿಲು ದಾರಿಯಲ್ಲಿ ತೆರೆದುಕೊಳ್ಳುತ್ತದೆ, ತೀರಾ ಸಡಿಲವಿದ್ದರೆ ಹಿಡಿಕೆ ಪೂರ್ತಿ ಬಂದರೂ ಕೊಕ್ಕೆ ಏಳುವುದಿಲ್ಲ. ಆಮೇಲೆ ಬಾಗಿಲು ತೆರೆದೇ ಇರುವಾಗ ಸ್ಕ್ರೂಡ್ರೈವರ್ ತುದಿಯಿಂದ ಬಿಲ್ಲೆಯನ್ನು ತಿರುಗಿಸಿ. ಎರಡು ‘ಟಕ್’ ಕೇಳಿದ ಮೇಲೆ ಒಳಹಿಡಿಕೆ, ಹೊರಹಿಡಿಕೆ ಎರಡನ್ನೂ ಎಳೆದು ನೋಡಿ. ಬಿಲ್ಲೆ ಚಿಮ್ಮಿ ಬಾಯಿ ತೆರೆದರೆ ಮಾತ್ರ ಬಾಗಿಲು ಹಾಕಿ.

ಕ್ಲಿಪ್ಪನ್ನು ಒಂದೇ ತರಿಸಬೇಡಿ, ನಾಲ್ಕು ತರಿಸಿ. ಒಂದು ಬಾಗಿಲ ಹೊಟ್ಟೆಯೊಳಗೆ ಬಿದ್ದೇ ಬೀಳುತ್ತದೆ.